ಎರಡು ಗೆರೆ ಮೇಲೆ, ಒಂದು ಗೆರೆ ಕೆಳಗೆ

ಮಾರ್ಚ್ 4, ಮಧ್ಯಾಹ್ನ 3.40

ಕಾಲು ಬಕೆಟ್ಟಿನ ಬಿಸಿನೀರಿನಲ್ಲಿ. ಎಡಗೈಯಲ್ಲಿ ಟೀ, ಬಲಗೈಯಲ್ಲಿ ಪೆನ್ನು. ಇವರು ಶಾಲೆಯಿಂದ ಬಂದು ನೋಡಿದರೆ "ಮಹಾರಾಣಿಯವರ ದರ್ಬಾರು ನಡೀತಿದೆ" ಎನ್ನುತ್ತಾರೆ. ಎನ್ನಲಿ. ಏಳು ಗಂಟೆ ನಿಂತ ಕಾಲು ನನ್ನದು, ಗಣಿತದ ಮೇಷ್ಟರದ್ದಲ್ಲ.

ಬೆಳಗ್ಗೆ ದಿನ ತುಂಬದ ಕೂಸುಗಳ ವಾರ್ಡಿಗೆ ಹೋದವಳು ಮೊದಲು ಬಾಟಲಿಗಳಲ್ಲಿ ನೀರು ಎಷ್ಟಿದೆ ನೋಡಿದೆ. ಐದು ಗಾಜಿನ ಪೆಟ್ಟಿಗೆ, ಐದು ಪುಟಾಣಿಗಳು, ಐದು ಬಾಟಲಿ. ಐದೂ ಗುಳುಗುಳು. ಈ ಸದ್ದು ಕಿವಿಗೆ ಬಿದ್ದರೇನೇ ನನಗೆ ಬೆಳಗಾಗುವುದು. ಮಗುವಿನ ಮೂಗಿಗೆ ಹೋಗುವ ಬೆಚ್ಚನೆಯ ಗಾಳಿ ಕೊಳವೆಯ ಇನ್ನೊಂದು ತುದಿಯಲ್ಲಿ, ನೀರಿನೊಳಗೆ ಗುಳ್ಳೆಯಾಗಿ ಏಳಬೇಕು. ಎದ್ದರೆ ಒತ್ತಡ ಸರಿಯಿದೆ, ಎಳೆ ಶ್ವಾಸಕೋಶ ಮುದುಡಿಕೊಳ್ಳುವುದಿಲ್ಲ. ನಿಂತರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಮೂರನೇ ಪೆಟ್ಟಿಗೆಗೆ ಹೊಸಬಳು. ಎರಡು ದಿನದ ಕೂಸು. 26 ವಾರ 3 ದಿನಕ್ಕೇ ಗಡಿಬಿಡಿ ಮಾಡಿಕೊಂಡು ಬಂದಿದ್ದಾಳೆ. 840 ಗ್ರಾಂ. ನಾನು 'ಸಾಸಿವೆ' ಎಂದು ಕರೆದೆ. ಮಧ್ಯಾಹ್ನದ ಹೊತ್ತಿಗೆ ಕಸ ಗುಡಿಸುವವಳೂ "ಸಾಸಿವೆ ಹೇಗಿದ್ದಾಳೆ?" ಎಂದು ಕೇಳುತ್ತಿದ್ದಳು.

ಡಾಕ್ಟರ್ ಮೇಡಂ ಗಂಟಲಿಗೆ ಕೊಳವೆ ಹಾಕಿ ಮೆಷಿನ್ನಿಗೆ ಕಟ್ಟಲಿಲ್ಲ. ಸಣ್ಣ ನಳಿಕೆಯಿಂದ ಔಷಧಿ ಶ್ವಾಸಕೋಶಕ್ಕೆ ಬಿಟ್ಟರು, ನಳಿಕೆ ತೆಗೆದರು, ಮೂಗಿನ ಗಾಳಿಗೆ ಬಿಟ್ಟರು. ಉಸಿರಾಟ ಅವಳದೇ. ನಾವು ಬರೀ ಬೆನ್ನಿಗೆ ನಿಂತವರು.

ಇನ್ನೊಬ್ಬಳು ಹೊಸಬಳು — ನರ್ಸು. ನಮ್ಮ ವಾರ್ಡಿನಲ್ಲಿ ಇಂದೇ ಮೊದಲ ದಿನ. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾಳೆ. ಕಡ್ಡಿ. ಮಾನಿಟರಿನಲ್ಲಿ ಸಾಸಿವೆಯ ರಕ್ತದ ಆಕ್ಸಿಜನ್ 99 ಎಂದು ಬಂದಾಗ ಚಪ್ಪಾಳೆ ತಟ್ಟಿಬಿಟ್ಟಳು. ಮೇಡಂ ಕನ್ನಡಕದ ಮೇಲಿಂದ ನೋಡಿ, "ನಮ್ಮ ಕ್ಲಾಸಲ್ಲಿ ತೊಂಬತ್ತರಿಂದ ತೊಂಬತ್ತೈದು ತೆಗೆದವರು ಪಾಸು. ನೂರು ತೆಗೆದವರು ಫೇಲು" ಎಂದರು. ಪಾಪ, ಹುಡುಗಿ ಕಕ್ಕಾಬಿಕ್ಕಿ.

ಆಮೇಲೆ ನಾನೇ ಕೂರಿಸಿಕೊಂಡು ಹೇಳಿದೆ. ಇವಕ್ಕೆ ಆಕ್ಸಿಜನ್ ಕಡಿಮೆಯಾದರೆ ಒಂದು ಕಷ್ಟ, ಜಾಸ್ತಿಯಾದರೆ ಇನ್ನೊಂದು. ಜಾಸ್ತಿಯಾಗಿದ್ದು ಆಗಲೇ ಕಾಣುವುದಿಲ್ಲ. ಒಳಗೊಳಗೇ ಶ್ವಾಸಕೋಶ ಕೆಡಿಸುತ್ತದೆ. ಕಣ್ಣನ್ನೂ. ದೊಡ್ಡ ಗಂಟಲಲ್ಲಿ ಹೇಳಿದೆ. ಇಪ್ಪತ್ತು ವರ್ಷದ ಅನುಭವ ಅಲ್ಲವೇ... ಜಂಬ ಇರುತ್ತದೆ.


ಮಾರ್ಚ್ 7

ಸಾಸಿವೆಯ ಅಮ್ಮ ಇವತ್ತು ವೀಲ್‌ಚೇರಿನಲ್ಲಿ ಬಂದಳು. ಆಪರೇಷನ್ ಆಗಿ ಐದು ದಿನ. ಪೆಟ್ಟಿಗೆಯೊಳಗೆ ನೋಡಿದಳು. ಅಳುತ್ತಾಳೆ ಎಂದು ನಾನು ಪಕ್ಕಕ್ಕೆ ಸರಿದು ನಿಂತೆ.

"ಈ ಟೋಪಿ ಯಾರು ಹೊಲಿದಿದ್ದು?"

"ಕಂಪನಿಯಿಂದ ಬರತ್ತಮ್ಮ."

"ಕಂಪನಿಯವ್ರು ಮಗು ತಲೆ ಅಳತೆ ತಗೊಂಡಿಲ್ಲ ಸಿಸ್ಟರ್. ಕುಂಬಳಕಾಯಿದು ತಗೊಂಡಿದಾರೆ. ನೋಡಿ, ಹಣೆ ಹತ್ರ ಎರಡು ಬೆರಳು ಸಲೀಸಾಗಿ ಹೋಗತ್ತೆ. ಟೋಪಿ ಜಾರಿದ್ರೆ ಪೈಪೂ ಜಾರತ್ತಲ್ವಾ?"

ಟೈಲರಂತೆ. ಹಳೇ ಬಟ್ಟೆ ಬಿಚ್ಚಿ ಅಳತೆಗೆ ಸರಿಮಾಡಿ ಕೊಡುವುದೇ ಕೆಲಸ. ಕೈಚೀಲದಲ್ಲಿ ಅಳತೆ ಟೇಪು. ಹೆರಿಗೆಗೆ ಬರುವವಳು ಟೇಪು ಯಾಕೆ ತಂದಳು ಎಂದು ಕೇಳಿದರೆ, "ನೀವು ವಾಚು ಬಿಟ್ಟು ಬರ್ತೀರಾ?" ಎಂದಳು. ಟೇಪನ್ನು ಸ್ಪಿರಿಟ್ಟಿನಲ್ಲಿ ಒರೆಸಿ ನಾನೇ ಅಳತೆ ತೆಗೆದೆ. "ಇಪ್ಪತ್ತನಾಲ್ಕು ಸೆಂಟಿಮೀಟರ್" ಎಂದೆ. ಆಗ ಅತ್ತಳು. "ಇಷ್ಟೇನಾ... ನನ್ನ ಮಗು ತಲೆ ಇಷ್ಟೇನಾ?"

ಬರೆದುಕೊಳ್ಳುವ ನೆಪ ಮಾಡಿ ಚಾರ್ಟು ಎತ್ತಿಕೊಂಡೆ.

ಮೇಡಂ ಬಂದು ಎಲ್ಲ ಹೇಳಿದರು. ಮುಚ್ಚುಮರೆ ಇಲ್ಲದ ಹೆಂಗಸು ಅವರು. ಮಗು ಬದುಕುತ್ತಾಳೆ ಎನ್ನುವ ನಂಬಿಕೆ ಇದೆ, ಹೋರಾಟ ಶ್ವಾಸಕೋಶದ್ದು. ತಾಯಿ ಹೊಟ್ಟೆಯಲ್ಲೇ ಇದ್ದಿದ್ದರೆ 36 ವಾರ ತುಂಬುವ ದಿನ ಯಾವುದೋ, ಆ ದಿನ ಪರೀಕ್ಷೆ. ಅಂದೂ ಆಕ್ಸಿಜನ್ ಬೇಕೇ ಬೇಕು ಎಂದರೆ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಎಂದು ಬರೆಯಬೇಕಾಗುತ್ತದೆ. ಬೇಡ ಎಂದರೆ ಗೆದ್ದ ಹಾಗೆ.

"ಅದು ಯಾವತ್ತು ಮೇಡಂ?"

"ಮೇ ಎಂಟು."

ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ, "ಸರಿ. ಡೆಲಿವರಿ ಡೇಟ್ ಕೊಟ್ರಲ್ಲ, ಸಾಕು" ಎಂದಳು. ಗಿರಾಕಿಗೆ ಹೇಳುವ ಹಾಗೆ.


ಮಾರ್ಚ್ 8, ಸಂಜೆ

ಈ ಕಟ್ಟಡಕ್ಕೆ ಲಿಫ್ಟಿಲ್ಲ. ಮೂರನೇ ಮಹಡಿಯಲ್ಲಿ ನಮ್ಮ ಮನೆ. ಮಗಳು ಕಾಲೇಜಿನಿಂದ ಬಂದಾಗ ಮೊದಲನೇ ಮಹಡಿಯ ತಿರುವಿನಲ್ಲಿ ನಿಲ್ಲುತ್ತಾಳೆ. ಹದಿನೆಂಟು ವರ್ಷದವಳು. ಯಾರಾದರೂ ಎದುರಾದರೆ ಬಗ್ಗಿ ಶೂ ಲೇಸು ಕಟ್ಟುವ ನಾಟಕ. ಇವತ್ತು ಹಾಕಿಕೊಂಡಿದ್ದುದು ಚಪ್ಪಲಿ.

ಎಂದಿನಂತೆ ಓಡಿಹೋಗಿ ಬ್ಯಾಗು ಕಸಿದುಕೊಂಡೆ. ಎಂದಿನಂತೆ ಬೈಸಿಕೊಂಡೆ.

"ಅಮ್ಮಾ, ನಾನೇನು ನಿನ್ನ ವಾರ್ಡಿನ ಪೇಷಂಟಾ?"

ಅಲ್ಲ. ಆದರೆ ಒಂದು ಕಾಲಕ್ಕೆ ಆಗಿದ್ದಳು. ಅವಳೂ 27 ವಾರಕ್ಕೇ ಬಂದವಳು. ಆಗಿನ ಕಾಲದ ವಾರ್ಡು, ಆಗಿನ ಕಾಲದ ಮೆಷಿನ್ನು. ಆ ವಿಷಯ ಬರೆಯಲು ಕೂತರೆ ಟೀ ಆರುತ್ತದೆ. ಇನ್ನೊಂದು ದಿನ.


ಮಾರ್ಚ್ 16

ಟೋಪಿ ಬಂತು. ಒಂದಲ್ಲ, ನಾಲ್ಕು. 24, 25, 26, 27 ಸೆಂಟಿಮೀಟರಿಗೆ. ಹಳೇ ಮೆತ್ತನೆಯ ಬನಿಯನ್ ಬಟ್ಟೆ, ಹೊಲಿಗೆ ಎಲ್ಲ ಹೊರಗಡೆ — "ಒಳಗೆ ಬಂದ್ರೆ ಚುಚ್ಚತ್ತೆ ಸಿಸ್ಟರ್." ಕಿವಿಯ ಮೇಲೆ ಕೊಳವೆ ಕೂರಲು ಎರಡು ಪುಟ್ಟ ಪಟ್ಟಿ. ಮೇಡಂ ತಿರುಗಿಸಿ ತಿರುಗಿಸಿ ನೋಡಿದರು. ಸೋಂಕು ನೋಡಿಕೊಳ್ಳುವ ಸಿಸ್ಟರ್ ಹತ್ತು ಪ್ರಶ್ನೆ ಕೇಳಿ, ನಮ್ಮಲ್ಲೇ ಬಿಸಿ ಆವಿಯಲ್ಲಿ ಶುದ್ಧ ಮಾಡಿ ಹಾಕುವುದಾದರೆ ಸರಿ ಎಂದು ಒಪ್ಪಿದರು.

ಹಾಕಿದೆವು. ಕೊಳವೆ ಅಲುಗಲಿಲ್ಲ. ಬಾಟಲಿ ಒಂದೇ ಸಮನೆ ಗುಳುಗುಳು. ಸಾಸಿವೆಗೆ ಕೊಡುವ ಗಾಳಿಯಲ್ಲಿ ಆಕ್ಸಿಜನ್ 30ರಿಂದ 26ಕ್ಕೆ ಇಳಿಯಿತು. ನಾವೆಲ್ಲ ಸುಮ್ಮನೆ ಉಸಿರಾಡುವ ಗಾಳಿಯಲ್ಲಿ 21 ಇರುತ್ತದೆ. ಇನ್ನು ಐದು ಇಳಿದರೆ ನಮ್ಮ ಸರಿಸಮಾನ.

ಸಾಸಿವೆಯ ಅಮ್ಮ ಪಕ್ಕದ ಪೆಟ್ಟಿಗೆಯ ಮಗುವಿನ ತಲೆಯನ್ನೇ ನೋಡುತ್ತಿದ್ದಳು. "ಅದಕ್ಕೂ ಒಂದು ಹೊಲಿದು ಕೊಡ್ಲಾ?" ಎಂದಳು. ಟೈಲರಮ್ಮನಿಗೆ ಮೂಡು ಬಂದುಬಿಟ್ಟಿದೆ. ಮನಸ್ಸಿಗೆ ಹಾಯಾಗಿದೆ ಇವತ್ತು.


ಮಾರ್ಚ್ 29

ಹಾಯಿ ಹಾರಿಹೋಯಿತು.

ಮೇಡಂ ಹೊಸದೊಂದು ಶುರುಮಾಡಿದ್ದಾರೆ. ಮೆಷಿನ್ ರಿಪೇರಿಯವನು ವಾರಕ್ಕೊಮ್ಮೆ ಬಂದು ಮಾನಿಟರಿನ ಹೊಟ್ಟೆಯಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾನೆ. ಯಾವ ಮಗು ಎಷ್ಟು ಹೊತ್ತು 90-95ರ ಒಳಗಿತ್ತು, ಎಷ್ಟು ಹೊತ್ತು ಮೇಲೆ ಹೋಯಿತು, ಎಲ್ಲ ಗ್ರಾಫಿನಲ್ಲಿ ಬರುತ್ತದೆ. ಸಾಸಿವೆ ದಿನದಲ್ಲಿ ಆರೇಳು ಗಂಟೆ 95ರ ಮೇಲೆ. 97, 98, 99.

"ನಮ್ಮ ಚಾರ್ಟ್ ಏನು ಹೇಳತ್ತೆ?" ಎಂದರು ಮೇಡಂ. ಕೊಟ್ಟ ಆಕ್ಸಿಜನ್ ಎಷ್ಟು ಎಂದು ನಾವು ಬರೆಯುವ ಚಾರ್ಟಿನಲ್ಲಿ ಎಲ್ಲ ನೆಟ್ಟಗಿದೆ. 26, 26, 26. ಸಾಲಾಗಿ ನಿಂತ ಸಿಪಾಯಿಗಳ ಹಾಗೆ.

ಯಾರೋ ಆಕ್ಸಿಜನ್ ಡಯಲ್ ಏರಿಸಿ ಮರೆಯುತ್ತಿದ್ದಾರೆ. ಯಾರು ಎನ್ನುವುದಕ್ಕೆ ನನಗೆ ಯೋಚನೆಯೇ ಬೇಕಾಗಲಿಲ್ಲ. 99 ನೋಡಿ ಚಪ್ಪಾಳೆ ತಟ್ಟಿದವಳು ಇನ್ಯಾರು? ಕಡ್ಡಿಗೆ ಈಗ ಮಧ್ಯಾಹ್ನದ ಶಿಫ್ಟು. ಶಿಫ್ಟ್ ಬದಲಾಗುವಾಗ ಅವಳನ್ನು ಸ್ಟೋರ್‌ರೂಮಿಗೆ ಕರೆದೆ. ಚೆನ್ನಾಗಿ ಜಾಡಿಸಿದೆ. "ಮಗು ಶ್ವಾಸಕೋಶ ಏನು ನಿನ್ನ ಬಲೂನಾ? ಹೇಳಿದ್ದು ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಟ್ಯಾ?" ಎಂದೆ.

ಕಣ್ಣು ತುಂಬಿಕೊಂಡಳು. ಬಾಯಿ ತೆರೆದಳು. ಮುಚ್ಚಿದಳು. "ಸರಿ ಸಿಸ್ಟರ್" ಎಂದು ಹೋದಳು.

ಅಷ್ಟು ಖಾರ ಬೇಕಿರಲಿಲ್ಲವೇನೋ. ಆದರೂ ಮಗುವಿನ ವಿಷಯ. ಬೇಕಿತ್ತು.


ಮಾರ್ಚ್ 31

ನಾನು.

ಕಡ್ಡಿ ಅಲ್ಲ. ನಾನು.


ಅದೇ ದಿನ, ಸಂಜೆ 6.15

ಈಗ ಬರೆಯುತ್ತೇನೆ.

ಮೆಷಿನ್ನಿನವನು ಗ್ರಾಫನ್ನು ಶಿಫ್ಟ್ ಪ್ರಕಾರ ಮೂರು ಬಣ್ಣ ಮಾಡಿ ತಂದಿದ್ದ. ಪಾಪ, ಅವನಿಗೆ ಯಾರು ಯಾವ ಶಿಫ್ಟು ಗೊತ್ತಿಲ್ಲ. ಗುಡ್ಡಗಳೆಲ್ಲ ಹಳದಿ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಎರಡು. ನಾನು ರಜೆ ಹಾಕಿದ ಎರಡು ದಿನ ಗುಡ್ಡವಿಲ್ಲ, ಬಯಲು. ಮಧ್ಯಾಹ್ನ ಎರಡೂಕಾಲಿಗೆ, ಕಡ್ಡಿ ಬಂದ ಮೇಲೆ, ಪ್ರತಿದಿನ ಇಳಿಜಾರು.

ನಿಂತಲ್ಲೇ ನಿಂತೆ. ಮೇಡಂ ಕುರ್ಚಿ ಎಳೆದುಕೊಟ್ಟರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ಕೈಯನ್ನೇ ನಾನು ಪಹರೆ ಕಾದೆ. ಸಾಸಿವೆಗೆ ನ್ಯಾಪಿ ಬದಲಿಸುವಾಗ, ಮಗ್ಗುಲು ತಿರುಗಿಸುವಾಗ ಅಂಕಿ ಸ್ವಲ್ಪ ಇಳಿಯುತ್ತದೆ. ಇಳಿಯುತ್ತದೆ ಎಂದು ಗೊತ್ತಿರುವುದರಿಂದ ಇಳಿಯುವ ಮೊದಲೇ ನನ್ನ ಕೈ ಡಯಲಿಗೆ ಹೋಗುತ್ತದೆ. ಎರಡು ಗೆರೆ ಏರಿಸುತ್ತದೆ. ಕೆಲಸ ಮುಗಿದ ಮೇಲೆ ಇಳಿಸುತ್ತದೆ — ಒಂದೇ ಗೆರೆ. ಪ್ರತಿ ಸಲವೂ. ಉಳಿದ ಒಂದು ಗೆರೆ ಮಗುವಿಗೆ ಕೊಸರು. 98 ಆದಾಗ ಮಾನಿಟರು ಕೂಗಿದರೆ ಅದೇ ಕೈ ಅಲಾರಂ ಬಾಯಿ ಮುಚ್ಚಿಸುತ್ತದೆ. ಕೆಳಗಿನ ಅಲಾರಂ ಕೂಗಿದರೆ ಓಡುತ್ತೇನೆ. ಮೇಲಿನದು ಕೂಗಿದರೆ ಒಳಗೊಳಗೇ ತಂಪು. ಚಾರ್ಟಿನಲ್ಲಿ 26 ಎಂದು ಬರೆಯುತ್ತೇನೆ. ಡಯಲ್ ನೋಡಿ ಅಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು.

ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ಅದೇ ಹೆದರಿಕೆ. ಊರಿಗೆಲ್ಲ ಪಾಠ ಹೇಳುವವಳ ಕೈ, ಅವಳಿಗೇ ಗೊತ್ತಿಲ್ಲದೆ...

ಕಡ್ಡಿಗೆ ಗೊತ್ತಿತ್ತು. ಹದಿನೈದು ದಿನದಿಂದ ನಾನು ಹೋದ ಮೇಲೆ ಇಳಿಸುತ್ತಿದ್ದುದು ಅವಳೇ. ಸ್ಟೋರ್‌ರೂಮಿನಲ್ಲಿ ಬಾಯಿ ತೆರೆದು ಮುಚ್ಚಿದ್ದು ಅದಕ್ಕೇ.


ಏಪ್ರಿಲ್ 1

ಅದೇ ಸ್ಟೋರ್‌ರೂಮ್. ಈ ಸಲ ನಾನು ತಲೆತಗ್ಗಿಸಿ ನಿಂತೆ.

"ತಪ್ಪಾಯ್ತು ಕಣೆ. ನಿನ್ನ ಮೇಲೆ ಹಾಕ್ಬಿಟ್ಟೆ."

"ಅಯ್ಯೋ, ಬಿಡಿ ಸಿಸ್ಟರ್."

"ಬಿಡಲ್ಲ. ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳೋದು? ನೀವು ಸೀನಿಯರ್. ಬಂದು ಇನ್ನೂ ಒಂದು ತಿಂಗಳಾಗಿಲ್ಲ ನಾನು. ಅದೂ ಅಲ್ದೆ..." ಸ್ವಲ್ಪ ನಕ್ಕಳು. "ನೀವು ಬೈಯೋವಾಗ ಮಧ್ಯೆ ಒಂದು ಸೆಕೆಂಡೂ ಜಾಗ ಸಿಗಲ್ಲ."

ನಕ್ಕೆ. ಅತ್ತೆ. ಎರಡೂ. ಕೈಗವಸಿನ ಪೆಟ್ಟಿಗೆಗಳ ಮಧ್ಯೆ ಇಬ್ಬರೂ ಮೂಗು ಒರೆಸಿಕೊಂಡೆವು. ಇನ್ನು ಮೇಲೆ ಸಿಸ್ಟರ್ ಬೇಡ, ಅಕ್ಕ ಅನ್ನು ಎಂದೆ.

ಸಂಜೆ ಊಟದ ಮೇಜಿನ ಹತ್ತಿರ ಇವರಿಗೂ ಹೇಳಿದೆ. ಇವರು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದರು. "ಎರಡು ಮೇಲೆ, ಒಂದು ಕೆಳಗೆ. ಹತ್ತು ಸಲಕ್ಕೆ ಹತ್ತು ಗೆರೆ ಮೇಲಾಯ್ತು. ಬಾವಿಯಿಂದ ಹತ್ತೋ ಬಸವನಹುಳು ಲೆಕ್ಕ ಕಣೇ ಇದು. ಆರನೇ ಕ್ಲಾಸಿಂದು."

"ರೀ, ಸಮಾಧಾನ ಮಾಡಿ ಅಂದ್ರೆ ಪಾಠ ಮಾಡ್ತೀರಲ್ಲ."

"ಲೆಕ್ಕ ಗೊತ್ತಾದ್ರೆ ಅರ್ಧ ಸಮಾಧಾನ" ಎಂದರು. ಉಳಿದರ್ಧಕ್ಕೆ ತಟ್ಟೆಗಳನ್ನೆಲ್ಲ ಅವರೇ ತೊಳೆದರು.


ಏಪ್ರಿಲ್ 2

ಇವತ್ತು ಬರೆಯುತ್ತೇನೆ ಅದನ್ನು.

ಮಗಳು ಹುಟ್ಟಿದಾಗ ನಾನು ಬೇರೆ ವಾರ್ಡಿನ ನರ್ಸು, ಇಪ್ಪತ್ತೆಂಟು ವಯಸ್ಸು. ಐದು ವಾರ ಗಂಟಲಲ್ಲಿ ಕೊಳವೆ. ಪೆಟ್ಟಿಗೆಯ ಹತ್ತಿರ ನಿಂತು ಮಾನಿಟರನ್ನೇ ನೋಡುತ್ತಿದ್ದೆ. 93 ಕಂಡರೆ ಸಾಕು, ಅಲ್ಲಿದ್ದ ಸಿಸ್ಟರ್ ಕೈ ಹಿಡಿದುಕೊಂಡು, "ಇನ್ನೊಂಚೂರು ಕೊಡಿ ಸಿಸ್ಟರ್, ಒಂಚೂರು" ಎನ್ನುತ್ತಿದ್ದೆ. ನನ್ನ ಮುಖ ನೋಡಲಾರದೆ ಕೊಡುತ್ತಿದ್ದಳು. 100 ಬಂದ ಮೇಲೆ ನಾನು ಊಟ ಮಾಡುತ್ತಿದ್ದೆ.

ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಗೊತ್ತಿರಲಿಲ್ಲ. ಮನೆಗೆ ಕರೆತಂದದ್ದು ಸಿಲಿಂಡರಿನ ಜೊತೆ, ಹನ್ನೊಂದು ತಿಂಗಳು ಆಕ್ಸಿಜನ್. ಈಗಲೂ ಮೆಟ್ಟಿಲಿನ ತಿರುವಿನಲ್ಲಿ ನಿಲ್ಲುತ್ತಾಳೆ. ಪ್ರತಿ ಸಲ ಅವಳು ನಿಂತಾಗ ನನಗೆ ಕೇಳುವುದು ನನ್ನದೇ ದನಿ. ಇನ್ನೊಂಚೂರು ಕೊಡಿ.

ಹದಿನೆಂಟು ವರ್ಷ ಬಾಯಿಬಿಡದ್ದನ್ನು ಇವತ್ತು ಮಗಳಿಗೆ ಹೇಳಿಬಿಟ್ಟೆ. ಬಟ್ಟೆ ಮಡಿಸುತ್ತಿದ್ದಳು. ಪೂರ್ತಿ ಕೇಳಿದಳು. ಮಡಿಸುವುದನ್ನು ನಿಲ್ಲಿಸಲಿಲ್ಲ.

"ಕೊಟ್ಟಿದ್ದಕ್ಕೆ ಬದುಕಿದ್ನೋ, ಅಷ್ಟು ಕೊಟ್ಟಿದ್ದಕ್ಕೆ ಕೆಟ್ಟಿತೋ, ಯಾರಿಗೆ ಗೊತ್ತಮ್ಮ? ನಿಂಗೂ ಗೊತ್ತಿಲ್ಲ, ನಿನ್ನ ಮೇಡಂಗೂ ಗೊತ್ತಿಲ್ಲ. ಬದುಕಿದೀನಲ್ಲ. ಅದಕ್ಕೇ ನಿನ್ನ ತಲೆ ತಿನ್ನೋಕೆ ಆಗ್ತಿರೋದು."

ಕಾಲುಚೀಲ ಜೋಡಿ ಮಾಡಿ ನನ್ನ ಮಡಿಲಿಗೆ ಎಸೆದಳು.

"ಒಂದು ಕೇಳ್ತೀನಿ, ಮಾಡ್ತೀಯಾ? ಮೆಟ್ಟಿಲಿಗೆ ಓಡಿ ಬರಬೇಡ. ನಾನು ನಿಲ್ತೀನಿ, ಉಸಿರು ತಗೋತೀನಿ, ಹತ್ತಿ ಬರ್ತೀನಿ. ನನಗಿಲ್ಲದ ಅವಸರ ನಿನಗ್ಯಾಕೆ?"

ಆಯಿತು ಎಂದೆ. ಆಗಬೇಕಲ್ಲ.


ಏಪ್ರಿಲ್ 4

ಕಡ್ಡಿಯ ತಲೆ ಓಡಿದೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳ ಒಂದು ಪ್ಯಾಕೆಟ್ ತಂದಳು. ಎಲ್ಲ ಕೆಂಪು. ಪ್ರತಿ ಡಯಲಿನ ಪಕ್ಕ ಒಂದು. ಡಯಲ್ ಏರಿಸಿದವರು ಕ್ಲಿಪ್ಪನ್ನು ತಮ್ಮ ಏಪ್ರನ್ನಿಗೆ ಸಿಕ್ಕಿಸಿಕೊಳ್ಳಬೇಕು. ಮೊದಲಿದ್ದ ಗೆರೆಗೆ ಇಳಿಸಿದ ಮೇಲೇ ತೆಗೆಯಬೇಕು. ಕ್ಲಿಪ್ಪು ಮೈಮೇಲಿದ್ದರೆ ಆ ಮಗುವನ್ನು ಬಿಟ್ಟು ಕದಲುವ ಹಾಗಿಲ್ಲ. ಟೀಗೂ ಇಲ್ಲ, ಫೋನಿಗೂ ಇಲ್ಲ. ಚಾರ್ಟು ಬರೆಯುವಾಗ ಡಯಲ್ ಮುಟ್ಟಿ, ಅಂಕಿಯನ್ನು ಬಾಯಿಬಿಟ್ಟು ಓದಿ ಬರೆಯಬೇಕು. ಮೇಡಂ "ಖರ್ಚಿಲ್ಲದ ಮದ್ದು" ಎಂದು ಐದು ನಿಮಿಷದಲ್ಲಿ ಒಪ್ಪಿದರು.

ಮೊದಲ ಕ್ಲಿಪ್ಪು ಬಿದ್ದದ್ದು ಯಾರಿಗೆ ಎಂದು ಬರೆಯಬೇಕಾಗಿಲ್ಲ.


ಏಪ್ರಿಲ್ 5

ಕ್ಯಾಂಟೀನಿನಲ್ಲಿ ಟೀ ಕೈಗೆ ಬಂದಿತ್ತು. ಕ್ಯಾಷಿನವನು "ಸಿಸ್ಟರ್, ಬಟ್ಟೆ ಒಗೆಯೋ ಡ್ಯೂಟಿನಾ ಇವತ್ತು?" ಎಂದ. ನೋಡಿಕೊಂಡರೆ ಎದೆಯ ಮೇಲೆ ಕೆಂಪು ಕ್ಲಿಪ್ಪು. ಟೀ ಅಲ್ಲೇ ಬಿಟ್ಟು ಓಡಿದೆ. ಈ ವಯಸ್ಸಿನಲ್ಲಿ, ಈ ಮೈಗೆ, ಆ ಕಾರಿಡಾರಿನಲ್ಲಿ.

ಒಂದು ಗೆರೆ ಉಳಿದಿತ್ತು.


ಏಪ್ರಿಲ್ 12, ಮಧ್ಯಾಹ್ನ 4

ಇವತ್ತು ಭಯಬಿದ್ದೆ.

ಹನ್ನೊಂದಕ್ಕೆ ಸಾಸಿವೆ ಸುಸ್ತು. ಪಕ್ಕೆಲುಬಿನ ಮಧ್ಯೆ ಚರ್ಮ ಒಳಕ್ಕೆ ಸೆಳೆಯುತ್ತಿದೆ. 86, 84. ಏರಿಸಿದೆ — ಏರಿಸಲೇಬೇಕಾದ ಹೊತ್ತು, ಕ್ಲಿಪ್ಪು ಏಪ್ರನ್ನಿನ ಮೇಲೆ. 30, 35. ಸೋಂಕಿರಬಹುದೆಂದು ರಕ್ತ ಕಳಿಸಿದೆವು. ಮೇಡಂ ಗಂಟಲ ಕೊಳವೆಯ ಟ್ರೇ ಹತ್ತಿರಕ್ಕೆ ತರಿಸಿ ಇಟ್ಟುಕೊಂಡರು, ಮುಟ್ಟಲಿಲ್ಲ. ಕೊಳವೆ ಹಾಕಿದರೆ ಇಷ್ಟು ದಿನ ಕಾಪಾಡಿಕೊಂಡು ಬಂದದ್ದಕ್ಕೆ ಕುತ್ತು. ಹಾಕದೆ ಮಗು ದಣಿದರೆ ಅದು ಇನ್ನೂ ದೊಡ್ಡ ಕುತ್ತು.

ಸಾಸಿವೆಯ ಅಮ್ಮ ಕೈ ತೊಳೆದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಿಟ್ಟಿರಲಿಲ್ಲ. ಅಲ್ಲಿಂದಲೇ, "ಸಿಸ್ಟರ್, ನನ್ನ ಮಗು ಬಾಟ್ಲಿ ಮಾತಾಡ್ತಿಲ್ಲ" ಎಂದಳು.

ಐದು ಬಾಟಲಿಗಳ ಸದ್ದಿನಲ್ಲಿ ಒಂದು ನಿಂತದ್ದು ನಮಗ್ಯಾರಿಗೂ ಕೇಳಿರಲಿಲ್ಲ. ನೋಡಿದರೆ ನಿಜ. ಗುಳ್ಳೆಯೇ ಇಲ್ಲ. ಟೋಪಿ! ಮಗುವಿನ ತಲೆ ಬೆಳೆದಿದೆ, ನಾವಿನ್ನೂ 26ರ ಟೋಪಿಯಲ್ಲೇ ಇದ್ದೇವೆ. ಅದು ಮೇಲಕ್ಕೆ ಸರಿದು ಕೊಳವೆ ಮೂಗಿನಿಂದ ಅರ್ಧ ಈಚೆಗೆ ಬಂದಿತ್ತು. 27ರದು ಹಾಕಿ, ಮೂಗು ಶುಚಿಮಾಡಿ, ಕೊಳವೆ ಕೂರಿಸಿದೆವು. ಒಂದು ಗುಳ್ಳೆ. ಎರಡು. ಆಮೇಲೆ ಧಾರಾಳ.

ಅರ್ಧ ಗಂಟೆಯಲ್ಲಿ ಡಯಲ್ 28. ಒಂದು ಗಂಟೆಗೆ 25. ಗೆರೆ ಗೆರೆಯಾಗಿ ಇಳಿಸಿದೆ. ಕೊನೆಯ ಗೆರೆಯನ್ನೂ. ಕ್ಲಿಪ್ಪು ತೆಗೆದಿಟ್ಟೆ. ಟ್ರೇ ತೆರೆಯದೆ ಹಾಗೇ ವಾಪಸು ಹೋಯಿತು.

"ನಿಮ್ಮ ಕಿವಿ ನಮ್ಮ ಮಾನಿಟರಿಗಿಂತ ಚುರುಕು" ಎಂದರು ಮೇಡಂ.

"ಹೊಲಿಗೆ ಮೆಷಿನ್ ಮುಂದೆ ಕೂತವ್ರಿಗೆ ಇದೇನು ಮೇಡಂ? ದಾರ ಕಿತ್ರೆ ಸದ್ದಲ್ಲೇ ಗೊತ್ತಾಗತ್ತೆ" ಎಂದಳು. ಹೇಳಿ ಮುಗಿಸಿ ಅಲ್ಲೇ ಗೋಡೆಗೊರಗಿ ಕುಸಿದು ಕೂತಳು.


ಏಪ್ರಿಲ್ 14

ರಕ್ತದ ರಿಪೋರ್ಟು ಶುದ್ಧ. ಸೋಂಕಿಲ್ಲ. ಸೋಮವಾರ, ಗುರುವಾರ ಎಲ್ಲ ಮಕ್ಕಳ ತಲೆ ಅಳತೆ. ಟೇಪು ಅವಳದೇ. ನಮ್ಮ ವಾರ್ಡಿಗೇ ಕೊಟ್ಟುಬಿಟ್ಟಿದ್ದಾಳೆ.


ಏಪ್ರಿಲ್ 20

1430 ಗ್ರಾಂ! ಗಾಳಿಯಲ್ಲಿ ಆಕ್ಸಿಜನ್ 23. ಹೊಸ ಗ್ರಾಫಿನಲ್ಲಿ ಹಳದಿ ಗುಡ್ಡ ನೆಲಸಮ. ಮೆಷಿನ್ನಿನವನು "ಏನು ಮಾಡಿದ್ರಿ ಬೆಳಗಿನ ಶಿಫ್ಟಿಗೆ?" ಎಂದು ಕೇಳಿದ. "ಬಟ್ಟೆ ಒಣಹಾಕಿದ್ವಿ" ಎಂದಳು ಕಡ್ಡಿ.

ಸಾಸಿವೆ ದಿನಾ ಮೂರು ನಾಲ್ಕು ಗಂಟೆ ಅಮ್ಮನ ಎದೆಯ ಮೇಲೆ, ಮೈಗೆ ಮೈ ತಾಗಿಸಿ. ಅಲ್ಲಿದ್ದಾಗ ಉಸಿರು ಎಷ್ಟು ಸಮ! ಡಯಲ್ ಕಡೆ ನೋಡುವ ಕೆಲಸವೇ ಇರುವುದಿಲ್ಲ. ಅಮ್ಮ ಪಿಸುದನಿಯಲ್ಲಿ ಗಿರಾಕಿಗಳ ಕಥೆ ಹೇಳುತ್ತಾಳೆ. ಯಾರೋ ಒಬ್ಬರು ತಿಂಗಳಿಗೊಮ್ಮೆ ಅದೇ ಪ್ಯಾಂಟಿನ ಸೊಂಟ ಬಿಗಿ ಮಾಡಿಸಿ, ಮತ್ತೆ ಸಡಿಲ ಮಾಡಿಸುತ್ತಾರಂತೆ. ನಾನು ಬೇಕೆಂದೇ ಪಕ್ಕದ ಪೆಟ್ಟಿಗೆಯ ಕೆಲಸ ನಿಧಾನ ಮಾಡಿ ಕೇಳಿಸಿಕೊಂಡೆ.

ಮನೆಯಲ್ಲಿ — ಈ ವಾರ ಮೆಟ್ಟಿಲಿಗೆ ಓಡಿದ್ದು ಎರಡೇ ಸಲ. ಬಾಗಿಲವರೆಗೆ ಹೋಗಿ ವಾಪಸಾಗಿದ್ದು ಮೂರು ಸಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಮಗಳಿಗೆ ಹೇಳಿದೆ. ಹಿಡಿದಳು.


ಮೇ 1

ಬಾಟಲಿ ತೆಗೆದೆವು. ಒತ್ತಡದ ಗಾಳಿ ಇನ್ನು ಬೇಡ. ಮೂಗಿನ ಹತ್ತಿರ ಸಣ್ಣ ನಳಿಕೆ ಮಾತ್ರ, ಇಷ್ಟೇ ಇಷ್ಟು ಆಕ್ಸಿಜನ್. ಸಾಸಿವೆಯ ಮುಖ ಪೂರ್ತಿ ಕಂಡದ್ದು ಇವತ್ತೇ. ಮೂಗು ಥೇಟ್ ಅಮ್ಮನದು, ತುದಿ ಸ್ವಲ್ಪ ಮೇಲೆ.

ಅಮ್ಮನಿಗೆ ಖುಷಿಗಿಂತ ಕಸಿವಿಸಿ. "ಸದ್ದಿಲ್ಲದೆ ಹೇಗೆ ಸಿಸ್ಟರ್? ಸರಿಯಿದಾಳೆ ಅಂತ ಹೇಗೆ ಗೊತ್ತಾಗತ್ತೆ?"

ಬಗ್ಗಿ ಕಿವಿ ಹತ್ತಿರ ತಗೊಂಡು ಹೋಗಿ ಎಂದೆ. ಹಾಗೇ ಇದ್ದಳು ಬಹಳ ಹೊತ್ತು. ಎದ್ದಾಗ ಮುಖ ಅರಳಿತ್ತು.

"ಸಣ್ಣ ಸದ್ದಿದೆ" ಎಂದಳು.


ಮೇ 7

ಎರಡು ದಿನದಿಂದ ನಳಿಕೆ ತೆಗೆದು ನೋಡಿದಾಗೆಲ್ಲ ಇಪ್ಪತ್ತು ನಿಮಿಷಕ್ಕೆ 88. ಮತ್ತೆ ಹಾಕುತ್ತಿದ್ದೇವೆ. ನಾಳೆ ಪೂರ್ತಿ ಒಂದು ಗಂಟೆ ಬರೀ ಗಾಳಿಯಲ್ಲಿ 90ರ ಮೇಲೆ ನಿಲ್ಲಬೇಕು.

ಮೇಡಂ, "ಆಗದಿದ್ರೆ ಪ್ರಪಂಚ ಮುಳುಗಲ್ಲ ಸಿಸ್ಟರ್, ಇದಕ್ಕಿಂತ ಎಷ್ಟೋ ಕೆಟ್ಟದಾಗಬಹುದಿತ್ತು" ಎಂದರು. ನಿಜ. ಆದರೂ ಆ ಹಳದಿ ಗುಡ್ಡಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಾಳೆ ಆಗದಿದ್ದರೆ ಅದರಲ್ಲಿ ನನ್ನ ಪಾಲೆಷ್ಟು ಎಂದು ಯಾವ ಗ್ರಾಫೂ ಹೇಳುವುದಿಲ್ಲ.

ಸಾಸಿವೆಯ ಅಮ್ಮನಿಗೂ ಹೇಳಿದೆ, ಎಲ್ಲವನ್ನೂ. ಮೇಡಂ ಆಗಲೇ, ಆ ವಾರವೇ ಹೇಳಿದ್ದರಂತೆ. ಹೆಸರು ಹೇಳಿರಲಿಲ್ಲ. "ನೀವೇ ಅಂತ ಗೊತ್ತಿತ್ತು ಸಿಸ್ಟರ್" ಎಂದಳು. "ಕ್ಲಿಪ್ಪು ಹಾಕ್ಕೊಂಡಾಗ ನಿಮ್ಮೊಬ್ಬರ ಮುಖ ಮಾತ್ರ ಸಣ್ಣಗಾಗತ್ತೆ." ಮಗುವಿನ ಹೊದಿಕೆ ಸರಿಮಾಡಿ, "ಅವತ್ತು ಕೋಪ ಬಂದಿತ್ತು. ಸುಳ್ಳು ಹೇಳಲ್ಲ" ಎಂದಳು.

ಬರಬೇಕಾದ್ದೇ. ಹೇಳಿದ್ದು ಒಳ್ಳೆಯದಾಯಿತು.


ಮೇ 8, ಸಂಜೆ 5.30

36 ವಾರ. ಬೆಳಗ್ಗೆ 10.05ಕ್ಕೆ ಮೇಡಂ ನಳಿಕೆ ತೆಗೆದರು. ಸಾಸಿವೆ ಅಮ್ಮನ ಎದೆಯ ಮೇಲೆ. ಕಡ್ಡಿ ರಜೆ ಇದ್ದರೂ ಬಂದು ಗಡಿಯಾರದ ಕೆಳಗೆ ನಿಂತಿದ್ದಳು. ನಾನು ಸ್ಟೂಲಿನ ಮೇಲೆ, ಡಯಲಿನ ಪಕ್ಕ.

ಹತ್ತು ನಿಮಿಷ, 94. ಇಪ್ಪತ್ತು, 93. ಇಪ್ಪತ್ತು ದಾಟಿತು! ಮೂವತ್ತು, 91. ಮೂವತ್ನಾಲ್ಕಕ್ಕೆ 90. ಅಲ್ಲೇ ಒಂದಿಷ್ಟು ಹೊತ್ತು ತೂಗಾಡಿತು. 89.

ನನ್ನ ಬಲಗೈ ಎದ್ದಿತು. ನಾನು ಎತ್ತಲಿಲ್ಲ, ಅದೇ ಎದ್ದಿತು. ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತುಬಿಟ್ಟೆ.

"ಕೈ ಯಾಕೆ ಹಾಗೆ ಸಿಸ್ಟರ್?"

"ಕಳ್ಳ ಕೈ ಇದು. ಕೂಡಿಹಾಕಿದೀನಿ."

ಸಾಸಿವೆಯ ಅಮ್ಮ ನಗಲಿಲ್ಲ. ಅವಳ ಕಣ್ಣು ಮಾನಿಟರಿನ ಮೇಲೂ ಇರಲಿಲ್ಲ. ಕಿವಿಗೊಟ್ಟಿದ್ದಳು. ಒಂದೇ ಬೆರಳಿನಿಂದ ಮಗುವಿನ ಗಲ್ಲವನ್ನು ಕೂದಲೆಳೆಯಷ್ಟು ಎತ್ತಿದಳು. ಸಾಸಿವೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು, ದಿನವಿಡೀ ದುಡಿದು ಬಂದವರ ಹಾಗೆ. 90. 92. 94. ಆಮೇಲೆ ಇಳಿಯಲೇ ಇಲ್ಲ.

11.05. "ಆಯ್ತು" ಎಂದಳು ಕಡ್ಡಿ. ಮೇಡಂ ಕ್ಷಣಕಾಲ ಬಿದ್ದ ಆ 89 ಲೆಕ್ಕಕ್ಕಿಲ್ಲ ಎಂದರು. ಫೈಲು ತೆಗೆದರು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಎಂದು ಅಚ್ಚಾಗಿರುವ ಸಾಲಿನ ಮುಂದೆ 'ಇಲ್ಲ' ಎಂದು ಬರೆದರು. ಬರೆದದ್ದನ್ನು ತಿರುಗಿಸಿ ಅಮ್ಮನಿಗೆ ತೋರಿಸಿದರು. ಅವಳು ಆ ಎರಡು ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಹೊಲಿಗೆ ಗಟ್ಟಿಯಿದೆಯೇ ಎಂದು ನೋಡುವ ಹಾಗೆ.

"ಹೇಳಿದ ಡೇಟಿಗೆ ಕೊಟ್ರಿ ಮೇಡಂ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನಾದ್ರೂ ಕೈ ಬಿಡಿ ಸಿಸ್ಟರ್, ಪಾಪ" ಎಂದಳು.

ಎರಡೂ ಕೈ ಜೋಮು ಹಿಡಿದಿತ್ತು. ಸಂತೋಷಕ್ಕೆ ಉಜ್ಜಿಕೊಂಡೆನೋ, ಜೋಮಿಗೋ. ಕಡ್ಡಿ ಚಪ್ಪಾಳೆ ತಟ್ಟಿದಳು. ಈ ಸಲ ಯಾರೂ ಬೈಯಲಿಲ್ಲ.


5.50

ಕೆಳಗೆ ಗೇಟಿನ ಸದ್ದು. ಮಗಳೇ, ಹೆಜ್ಜೆ ಗೊತ್ತು. ಇವತ್ತಿನದನ್ನೆಲ್ಲ ಹೇಳಬೇಕು ಅವಳಿಗೆ.

ಮೊದಲ ಮೆಟ್ಟಿಲುಗಳು ಮುಗಿದವು. ತಿರುವು. ನಿಂತಳು.

ಉಸಿರು ಇಲ್ಲಿಗೇ ಕೇಳುತ್ತಿದೆ, ಒಂಚೂರು ಸೀಟಿಯ ಹಾಗೆ. ಕುರ್ಚಿ ಹಿಂದೆ ಸರಿಯಿತು... ಇಲ್ಲ. ಕೂತೆ. ಎಡಗೈ ತೊಡೆಯ ಕೆಳಗೆ. ಬಲಗೈಗೆ ಬರೆಯುವ ಕೆಲಸ ಕೊಟ್ಟಿದ್ದೇನೆ. ನಿಲ್ಲಲಿ. ತಗೊಳ್ಳಲಿ ಉಸಿರು, ಎಷ್ಟು ಬೇಕೋ ಅಷ್ಟು. ಅವಳ ಉಸಿರು ಅವಳದು.

ಚಪ್ಪಲಿ ಸದ್ದು. ಹತ್ತುತ್ತಿದ್ದಾಳೆ. ಎರಡನೇ ಮಹಡಿ. ಏನೋ ಗುನುಗುತ್ತಿದ್ದಾಳೆ, ಅಂದರೆ ಉಸಿರು ಮಿಕ್ಕಿದೆ. ಇನ್ನು ಹತ್ತು ಮೆಟ್ಟಿಲು. ನಾನು ಏಳುವುದಿಲ್ಲ. ಬಾಗಿಲನ್ನು ಅವಳೇ—